ಗ್ಯಾಸ್ ಒಲೆ ಕೈಕೊಟ್ಟಾಗ ಮೊದಲು ಉರಿ ನೋಡಿ

ಒಲೆ ಕೈಕೊಡುವುದು ದೋಸೆ ಹಾಕುವ ಹೊತ್ತಿಗೇ. ಕಾವಲಿ ಕಾಯುತ್ತಿಲ್ಲ, ಉರಿ ಮಿಣಮಿಣ ಅನ್ನುತ್ತಿದೆ, ಅತ್ತ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿದೆ. ರಿಪೇರಿಯವರಿಗೆ ಫೋನ್ ಮಾಡಿದರೆ "ನಾಳೆ ಬರ್ತೇನೆ" ಅನ್ನುತ್ತಾರೆ. ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದ ಕಾಲದಿಂದಲೂ ಆ ನಾಳೆ ಬಂದಿದ್ದನ್ನು ಕಂಡವರಿಲ್ಲ.

ನಾನು ಮೆಕ್ಯಾನಿಕ್ ಅಲ್ಲ. ಹತ್ತು ಹನ್ನೆರಡು ವರ್ಷದಿಂದ ಮನೆಯ ಒಲೆಯನ್ನು ನಾನೇ ಬಿಚ್ಚಿ, ತೊಳೆದು, ಜೋಡಿಸುತ್ತಿದ್ದೇನೆ. ಒಂದೆರಡು ಸಲ ಹಾಳೂ ಮಾಡಿದ್ದೇನೆ. ಅದರಿಂದ ತಿಳಿದದ್ದು ಇಷ್ಟು: ಒಲೆಯ ತೊಂದರೆ ಬಹಳ ಸಲ ಗ್ಯಾಸಿನದಲ್ಲ, ಗಾಳಿಯದ್ದು. ಗಾಳಿ ಹೋಗುವ ದಾರಿಯಲ್ಲಿ ಏನೋ ಕೂತಿರುತ್ತದೆ. ನಾವು ಮಾತ್ರ ಸಿಲಿಂಡರ್ ತಂದುಕೊಟ್ಟವರನ್ನು ಬೈಯುತ್ತಿರುತ್ತೇವೆ.

ಯಾವುದಕ್ಕೂ ಕೈ ಹಾಕುವ ಮೊದಲು ರೆಗ್ಯುಲೇಟರ್ ಆಫ್ ಮಾಡಿ. ಬರ್ನರ್ ತಣ್ಣಗಾಗಲಿ. ಗ್ಯಾಸ್ ವಾಸನೆ ಬರುತ್ತಿದ್ದರೆ ಈ ಬರಹ ಮೊದಲಿಂದ ಓದುತ್ತಾ ಕೂರಬೇಡಿ, ಸೀದಾ ಕೆಳಗೆ ವಾಸನೆಯ ಭಾಗಕ್ಕೆ ಹೋಗಿ.

ಒಂದೇ ಬರ್ನರ್ರಾ, ಎಲ್ಲವೂನಾ?

ಇದು ಮೊದಲ ಪ್ರಶ್ನೆ. ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಎಲ್ಲಾ ಬರ್ನರ್ ಒಂದೊಂದಾಗಿ ಹಚ್ಚಿ ನೋಡಿ. ಒಂದರಲ್ಲಿ ಮಾತ್ರ ತೊಂದರೆ ಇದ್ದರೆ ಅದು ಆ ಬರ್ನರ್‌ನದ್ದು, ಅದಕ್ಕೆ ಗ್ಯಾಸ್ ಚಿಮ್ಮಿಸುವ ಪುಟ್ಟ ಮೂತಿಯದ್ದು (ಜೆಟ್), ಇಲ್ಲವೇ ಅದರ ನಾಬ್‌ನ ಹಿಂದಿರುವ ವಾಲ್ವ್‌ನದ್ದು. ಎಲ್ಲದರಲ್ಲೂ ಉರಿ ಸಣ್ಣಗಿದ್ದರೆ ಒಲೆ ಬಿಚ್ಚುವ ಅಗತ್ಯವೇ ಇಲ್ಲ. ಸಿಲಿಂಡರ್, ರೆಗ್ಯುಲೇಟರ್, ಪೈಪ್ ಈ ಮೂರರಲ್ಲಿ ಒಂದನ್ನು ಹಿಡಿಯಬೇಕು.

ಎರಡೂ ಬರ್ನರ್ ಒಂದೇ ಸೈಜ್ ಆಗಿದ್ದರೆ ಇನ್ನೊಂದು ಉಪಾಯ ಇದೆ. ಬರ್ನರ್‌ನ ಮೇಲಿನ ಬಿಲ್ಲೆಗಳನ್ನು ಅದಲುಬದಲು ಮಾಡಿ. ತೊಂದರೆಯೂ ಜಾಗ ಬದಲಿಸಿದರೆ ಬಿಲ್ಲೆಯದ್ದೇ ತಪ್ಪು. ಬದಲಿಸದಿದ್ದರೆ ತಪ್ಪು ಕೆಳಗಿದೆ.

ಹಳದಿ ಉರಿ, ತಳದ ಮಸಿ

ಸರಿಯಾದ ಉರಿ ನೀಲಿ ಇರುತ್ತದೆ. ಹತ್ತಿರದಿಂದ ನೋಡಿದರೆ ಒಂದೊಂದು ತೂತಿನ ಮೇಲೂ ಗಾಢ ನೀಲಿಯ ಸಣ್ಣ ಮೊನೆ, ಅದರ ಸುತ್ತ ತೆಳು ನೀಲಿ. ಬೆಳಗಿನ ಬೆಳಕಿನಲ್ಲಿ ಇದು ಕಾಣುವುದಿಲ್ಲ. ಪರೀಕ್ಷೆ ಮಾಡುವಾಗ ಲೈಟ್ ಆರಿಸಿ, ಕಿಟಕಿಯ ಪರದೆ ಎಳೆದುಕೊಳ್ಳಿ.

ಒಂದು ಲೀಟರ್ ಗ್ಯಾಸ್ ಪೂರ್ತಿ ಉರಿಯಬೇಕಾದರೆ ಸುಮಾರು 25ರಿಂದ 30 ಲೀಟರ್ ಗಾಳಿ ಬೇಕು. ಅದರಲ್ಲಿ ಒಂದು ಪಾಲು ಬರ್ನರ್ ಕೆಳಗಿನ ಕೊಳವೆಯ ಬಾಯಿಯಿಂದ ಒಳಗೆ ಬರುತ್ತದೆ. ಜೆಟ್‌ನಿಂದ ಗ್ಯಾಸ್ ರಭಸವಾಗಿ ಚಿಮ್ಮುವಾಗ ಪಕ್ಕದ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ, ಅಷ್ಟೇ ಅದರ ತಂತ್ರ. ಅಲ್ಲಿ ಜಿಡ್ಡು, ಧೂಳು, ಬಲೆ ಏನಾದರೂ ಇದ್ದರೆ ಗಾಳಿ ಕಮ್ಮಿಯಾಗುತ್ತದೆ. ಉರಿ ಹಳದಿಯಾಗಿ, ಉದ್ದವಾಗಿ, ಸೋಮಾರಿಯ ಹಾಗೆ ಓಲಾಡುತ್ತದೆ. ಪಾತ್ರೆಯ ತಳ ಕಪ್ಪಾಗುತ್ತದೆ. ಮಸಿ ತಿಕ್ಕುವ ಕಷ್ಟ ಹಾಗಿರಲಿ, ಗ್ಯಾಸ್ ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಹಳದಿ ಉರಿಯ ಮುಂದೆ ಗಂಟೆಗಟ್ಟಲೆ ನಿಲ್ಲುವುದು ಒಳ್ಳೆಯದಲ್ಲ.

ಆದರೆ ಬಣ್ಣ ಬದಲಾದದ್ದೆಲ್ಲ ದೋಷವಲ್ಲ. ಸಾರು ಉಕ್ಕಿ ಬರ್ನರ್ ಮೇಲೆ ಬಿದ್ದಾಗ ಉರಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತದಲ್ವಾ? ಅದು ಉಪ್ಪಿನಲ್ಲಿರುವ ಸೋಡಿಯಂನ ಬಣ್ಣ. ಧೂಳು ಸುಟ್ಟಾಗಲೂ ಕಿತ್ತಳೆ ಕಿಡಿಗಳು ಹಾರುತ್ತವೆ. ಸ್ವಲ್ಪ ಹೊತ್ತಿನಲ್ಲಿ ತಾನೇ ಹೋಗುತ್ತದೆ.

ಯಾವುದು ನಿಜವಾದ ಹಳದಿ ಅಂತ ತಿಳಿಯಲು ನಾನು ಹೀಗೆ ಮಾಡುತ್ತೇನೆ. ಚೆನ್ನಾಗಿ ಬೆಳಗಿದ ಸ್ಟೀಲ್ ಪಾತ್ರೆಯಲ್ಲಿ ತಣ್ಣೀರು ತುಂಬಿ ಉರಿಯ ಮೇಲೆ ಇಡುತ್ತೇನೆ. ಮೊದಲು ತಳದಲ್ಲಿ ನೀರಿನ ಹನಿ ಕಾಣುತ್ತದೆ. ಪಾತ್ರೆ ಸೋರುತ್ತಿದೆ ಅಂದುಕೊಳ್ಳಬೇಡಿ. ಗ್ಯಾಸ್ ಉರಿದಾಗ ಹುಟ್ಟುವ ನೀರಾವಿ ತಣ್ಣನೆಯ ತಳಕ್ಕೆ ಹನಿಗಟ್ಟಿದ್ದು ಅದು. ಎರಡು ನಿಮಿಷ ಬಿಟ್ಟು ಆರಿಸಿ, ತಣ್ಣಗಾದ ಮೇಲೆ ತಳವನ್ನು ಬಿಳಿ ಕಾಗದದಿಂದ ಒರೆಸಿ. ಕಾಗದ ಕಪ್ಪಾದರೆ ಗಾಳಿ ಸಾಲುತ್ತಿಲ್ಲ. ಬೆಳ್ಳಗೇ ಇದ್ದರೆ ಸುಮ್ನೆ ಅಡುಗೆ ಮಾಡಿಕೊಳ್ಳಿ.

ಗಾಳಿ ಸಾಲುತ್ತಿಲ್ಲ ಅಂತ ಗೊತ್ತಾದರೆ ಬರ್ನರ್ ಎತ್ತಿ. ಕೊಳವೆಯ ಬಾಯಿಯನ್ನು ಟಾರ್ಚ್ ಹಾಕಿ ನೋಡಿ. ಊರಿಗೆ ಹೋಗಿ ಹದಿನೈದು ದಿನ ಬಿಟ್ಟು ಬಂದಾಗ ಒಲೆ ಕೆಟ್ಟಿದ್ದರೆ ಒಳಗೆ ಜೇಡರ ಬಲೆ ಇರುವ ಸಾಧ್ಯತೆ ಜಾಸ್ತಿ. ನಮ್ಮ ಒಲೆಯಲ್ಲಿ ಒಂದು ಸಲ ಸಣ್ಣ ಜಿರಳೆಯೇ ಸತ್ತು ಒಣಗಿತ್ತು. ಬಾಟಲಿ ತೊಳೆಯುವ ಉದ್ದ ಬ್ರಷ್ ಇದಕ್ಕೆ ಹೇಳಿ ಮಾಡಿಸಿದ್ದು.

ಬಿಲ್ಲೆಯನ್ನು ಬಿಸಿ ನೀರಿನಲ್ಲಿ ಪಾತ್ರೆ ಸೋಪು ಹಾಕಿ ಅರ್ಧ ಗಂಟೆ ನೆನೆಸಿ. ಹಿತ್ತಾಳೆಯದ್ದಾದರೆ ಹುಣಸೆಹಣ್ಣು ಹಾಕಿ ಉಜ್ಜಿದರೆ ದೇವರ ದೀಪದ ಹಾಗೆ ಹೊಳೆಯುತ್ತದೆ. ಅಲ್ಯುಮಿನಿಯಂ ಆದರೆ ವಾಷಿಂಗ್ ಸೋಡಾ ಮುಟ್ಟಿಸಬೇಡಿ, ಅದು ಲೋಹವನ್ನೇ ತಿನ್ನುತ್ತದೆ. ಬಿಲ್ಲೆಯ ತೂತುಗಳಿಗೆ ಪಿನ್ನು ಹಾಕಬಹುದು. ಗಂಜಿ ಕಟ್ಟಿ ಗಟ್ಟಿಯಾಗಿದ್ದರೆ ಒಂದೊಂದನ್ನೂ ಬಿಡಿಸಬೇಕು, ತಾಳ್ಮೆಯ ಕೆಲಸ. ತೊಳೆದ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಿ. ಒಳಗೆ ನೀರು ಉಳಿದರೆ ಉರಿ ಪಟಪಟ ಅನ್ನುತ್ತದೆ, ಆಮೇಲೆ ತೊಳೆದದ್ದೇ ತಪ್ಪಾಯಿತೇನೋ ಅನ್ನಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ರಾತ್ರಿ ತೊಳೆದು ಬೆಳಿಗ್ಗೆ ಜೋಡಿಸುವುದೇ ಕ್ಷೇಮ.

ಸೂಜಿಯ ಕಥೆ

ಬಿಲ್ಲೆಗೆ ಪಿನ್ನು ಹಾಕಬಹುದು ಅಂದೆ. ಜೆಟ್‌ಗೆ ಹಾಕಬಾರದು. ಇದನ್ನು ನಾನು ದುಡ್ಡು ಕೊಟ್ಟು ಕಲಿತೆ.

ಜೆಟ್ ಅಂದರೆ ಕೊಳವೆಯ ಬಾಯಿಯ ಎದುರಿಗೆ ಇರುವ ಪುಟ್ಟ ಹಿತ್ತಾಳೆಯ ಮೂತಿ. ಅದರ ತುದಿಯಲ್ಲಿ ತೀರಾ ಸಣ್ಣ ತೂತು. ಒಂದು ಸಲ ದೊಡ್ಡ ಬರ್ನರ್‌ನ ಉರಿ ಸಣ್ಣಗಾಯಿತು. ನಾನು ಬಟ್ಟೆ ಹೊಲಿಯುವ ಸೂಜಿ ತಂದು ಆ ತೂತಿನಲ್ಲಿ ಹಾಕಿ ಚೆನ್ನಾಗಿ ತಿರುವಿದೆ. ಉರಿ ಏನೋ ಬಂತು! ಭರ್ಜರಿಯಾಗಿ ಬಂತು, ಹಳದಿಯಾಗಿ ಬಂತು. ಹಾಸನದಿಂದ ಬಂದಿದ್ದ ಅಮ್ಮ ಎರಡು ದಿನ ನೋಡಿ, "ಏನೋ ಇದು, ಸೌದೆ ಒಲೆ ಪಾತ್ರೆ ಥರ ಆಗಿದೆಯಲ್ಲ ತಳ" ಅಂದರು. ಆ ಸಲದ ಸಿಲಿಂಡರ್ ಎಂದಿಗಿಂತ ಎಷ್ಟೋ ದಿನ ಮೊದಲೇ ಖಾಲಿಯಾಯಿತು. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕಿನ ಸೂಜಿ ಅದನ್ನು ಕೆರೆದು ತೂತು ದೊಡ್ಡದು ಮಾಡಿತ್ತು. ಗ್ಯಾಸ್ ಜಾಸ್ತಿ, ಗಾಳಿ ಅಷ್ಟೇ. ಹೊಸ ಜೆಟ್ ಹಾಕಿಸಿದ ಮೇಲೆ ಸರಿಹೋಯಿತು.

ಜೆಟ್ ಕಟ್ಟಿದ್ದರೆ ಬಿಚ್ಚಿ ಸೀಮೆಎಣ್ಣೆಯಲ್ಲೋ ಥಿನ್ನರ್‌ನಲ್ಲೋ ನೆನೆಸಿ, ಬೆಳಕಿಗೆ ಹಿಡಿದು ನೋಡಿ, ಗಾಳಿ ಊದಿಸಿ. ಸೈಕಲ್ ಪಂಪ್ ಸಾಕು. ಜೋಡಿಸುವ ಮೊದಲು ಪೂರ್ತಿ ಆರಲಿ, ಜೋಡಿಸಿದ ಮೇಲೆ ಬುಡಕ್ಕೆ ಸೋಪಿನ ನೀರು ಹಚ್ಚಿ ಸೋರಿಕೆ ಇಲ್ಲ ಅಂತ ನೋಡಿಕೊಳ್ಳಿ. ಬಿಚ್ಚುವ ಧೈರ್ಯ ಇಲ್ಲದಿದ್ದರೆ ರಿಪೇರಿಯವರ ನಾಳೆಗೆ ಕಾಯುವುದೇ ವಾಸಿ. ಪೈಪ್ ಗ್ಯಾಸ್‌ಗೆ ಬದಲಾಗುತ್ತಿರುವ ಬೆಂಗಳೂರಿನ ಮನೆಗಳವರು ಒಂದು ನೆನಪಿಡಿ. ಅದಕ್ಕೆ ಬೇರೆ ಜೆಟ್, ತೂತು ದೊಡ್ಡದು. ಬದಲಾಯಿಸಿದ ಒಲೆಯನ್ನು ಆಮೇಲೆ ಊರಿಗೆ ಕೊಟ್ಟು ಅಲ್ಲಿ ಸಿಲಿಂಡರ್‌ಗೆ ಹಾಕಿದರೆ ನನ್ನ ಸೂಜಿಯ ಕಥೆಯೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಎಲ್ಲಾ ಬರ್ನರ್ ಮಂಕಾಗಿದ್ದರೆ

ಮೊದಲು ಸಿಲಿಂಡರ್. ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್ ಇರುತ್ತದೆ. ಖಾಲಿ ಸಿಲಿಂಡರ್‌ನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ತಕ್ಕಡಿ ಇದ್ದರೆ ಕಳೆದು ನೋಡಿ. ಇಲ್ಲದಿದ್ದರೆ ಒದ್ದೆ ಬಟ್ಟೆಯಲ್ಲಿ ಮೇಲಿಂದ ಕೆಳಗೆ ಒರೆಸಿ ಎರಡು ನಿಮಿಷ ಬಿಡಿ. ಖಾಲಿ ಭಾಗ ಬೇಗ ಒಣಗುತ್ತದೆ, ಒಳಗೆ ದ್ರವ ಇರುವ ಭಾಗ ತೇವವಾಗಿಯೇ ಉಳಿಯುತ್ತದೆ, ನಡುವೆ ಗೆರೆ ಕಾಣುತ್ತದೆ. ಜುಲೈ ತಿಂಗಳಲ್ಲಿ ಕರಾವಳಿಯಲ್ಲಿ ಈ ಪರೀಕ್ಷೆ ಮಾಡಬೇಡಿ. ಹಾಕಿಕೊಳ್ಳುವ ಬಟ್ಟೆಯೇ ಒಣಗಲ್ಲ, ಸಿಲಿಂಡರ್ ಎಲ್ಲಿ ಒಣಗಬೇಕು.

ಸಿಲಿಂಡರ್ ಮುಗಿಯುವ ಹೊತ್ತಿಗೆ ವಾಸನೆ ಕೊಂಚ ಜಾಸ್ತಿ ಬರುವುದೂ ಉಂಟು. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲ, ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಅದು ಗ್ಯಾಸಿಗಿಂತ ನಿಧಾನವಾಗಿ ಆವಿಯಾಗುವುದರಿಂದ ತಳದಲ್ಲಿ ಹೆಚ್ಚು ಉಳಿಯುತ್ತದೆ. ಹಾಗಂತ ಪ್ರತಿ ವಾಸನೆಯನ್ನೂ ಇದರ ತಲೆಗೆ ಕಟ್ಟಬೇಡಿ, ಸೋಪಿನ ನೀರಿನ ಪರೀಕ್ಷೆ ಮಾಡಿಯೇ ತೀರಬೇಕು.

ಚಳಿಯೂ ಕಾರಣ ಆಗಬಹುದು. ಎಲ್‌ಪಿಜಿಯಲ್ಲಿ ಪ್ರೋಪೇನ್, ಬ್ಯುಟೇನ್ ಎರಡೂ ಇವೆ. ಪ್ರೋಪೇನ್ ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ, ಬ್ಯುಟೇನ್‌ಗೆ ಸೊನ್ನೆಯ ಹತ್ತಿರ ಬರಬೇಕು. ಡಿಸೆಂಬರ್ ಬೆಳಗಿನಲ್ಲಿ ಮಡಿಕೇರಿಯಲ್ಲೋ ಬಾಬಾಬುಡನ್‌ಗಿರಿಯ ಕಡೆಯೋ ಮುಗಿಯಲು ಬಂದ ಸಿಲಿಂಡರ್ ಮಂಕು ಹಿಡಿದರೆ ಅದು ಸಹಜ. ಕೆಲವರು ಸಿಲಿಂಡರ್ ಅನ್ನು ಬಿಸಿನೀರಿನ ಟಬ್‌ನಲ್ಲಿ ಕೂರಿಸುತ್ತಾರೆ. ದಯವಿಟ್ಟು ಬೇಡ. ಬಿಸಿಲೇರುವವರೆಗೆ ಕಾಯಿರಿ.

ಸಿಲಿಂಡರ್ ತುಂಬಿದೆ, ಆದರೂ ಉರಿ ಇಲ್ಲ ಅಂದರೆ ಪೈಪ್ ನೋಡಿ. ಸ್ವಚ್ಛ ಮಾಡುವಾಗ ಸಿಲಿಂಡರ್ ಸರಿಸಿ ಪೈಪ್ ಮಡಚಿಕೊಂಡಿರಬಹುದು. ಕಿತ್ತಳೆ ಬಣ್ಣದ ಸುರಕ್ಷಾ ಪೈಪ್‌ಗೆ 5 ವರ್ಷ ಆಯುಸ್ಸು, ಅದರ ಮೇಲೆ ತಾರೀಖು ಮುದ್ರಿಸಿರುತ್ತಾರೆ. ಬಟ್ಟೆಯಿಂದ ಒರೆಸಿದರೆ ಕಾಣುತ್ತದೆ. ಅದಕ್ಕೆ ಪ್ಲಾಸ್ಟಿಕ್ ಕವರ್ ಹೊದಿಸುವವರಿದ್ದಾರೆ, ಅಂದಕ್ಕೋ ಏನೋ. ಬಿರುಕು ಬಿಟ್ಟರೆ ಹೇಗೆ ಗೊತ್ತಾಗಬೇಕು?

ಇನ್ನುಳಿದದ್ದು ರೆಗ್ಯುಲೇಟರ್. ಸಿಲಿಂಡರ್ ಒಳಗಿನ ಭಾರೀ ಒತ್ತಡವನ್ನು ಚದರ ಸೆಂಟಿಮೀಟರ್‌ಗೆ ಸುಮಾರು 30 ಗ್ರಾಂಗೆ ಇಳಿಸಿ ಕೊಡುವುದು ಅದರ ಕೆಲಸ. ಅದು ಕೆಟ್ಟರೆ ಉರಿ ಎಲ್ಲ ಕಡೆ ಮಂಕಾಗುತ್ತದೆ, ಇಲ್ಲವೇ ಎಲ್ಲ ಬರ್ನರ್‌ನಲ್ಲೂ ಸದ್ದು ಮಾಡುತ್ತಾ ತೂತು ಬಿಟ್ಟು ಮೇಲೆ ನೆಗೆಯುತ್ತದೆ. ಬಿಚ್ಚುವ ವಸ್ತು ಅಲ್ಲ ಅದು. ಏಜೆನ್ಸಿಗೆ ಒಯ್ದು ಬದಲಾಯಿಸಿಕೊಳ್ಳಿ.

ಸಣ್ಣಪುಟ್ಟವು

ಹಚ್ಚಿದ ಕೂಡಲೇ "ಬುಸ್" ಅಂತ ಸದ್ದು ಬಂದು ಉರಿ ಒಳಗೇ, ಜೆಟ್ ಹತ್ತಿರ ಉರಿಯುತ್ತಿದ್ದರೆ ತಕ್ಷಣ ಆಫ್ ಮಾಡಿ. ತೊಳೆದ ಮೇಲೆ ಬಿಲ್ಲೆ ಸರಿಯಾಗಿ ಕೂತಿರುವುದಿಲ್ಲ, ಅಥವಾ ಕೊಳವೆ ಜೆಟ್‌ಗೆ ನೇರವಾಗಿ ಇರುವುದಿಲ್ಲ. ಬಿಲ್ಲೆಯನ್ನು ಬೆರಳಿನಿಂದ ತಿರುವಿ ನೋಡಿ, ಕುಣಿಯಬಾರದು. ಹಳೆಯ ಬಿಲ್ಲೆಯ ಅಂಚು ಸವೆದಿದ್ದರೆ ಹೊಸದೇ ದಾರಿ.

ಸಿಮ್‌ಗೆ ತಿರುಗಿಸಿದರೆ ಆರಿಹೋಗುತ್ತದೆ ಅನ್ನುವವರು ಮೊದಲು ಫ್ಯಾನ್ ಆರಿಸಿ ನೋಡಿ. ಅದಲ್ಲ ಅಂದರೆ ವಾಲ್ವ್‌ನ ಸಿಮ್ ಸ್ಕ್ರೂ ಹೊಂದಿಸಬೇಕು. ನಾಬ್ ಬಿಗಿಯಾದರೆ ವಾಲ್ವ್‌ನ ಗ್ರೀಸ್ ಒಣಗಿದೆ ಅಂತ ಅರ್ಥ. ಇವೆರಡೂ ರಿಪೇರಿಯವರ ಕೆಲಸ. ಕೊಬ್ಬರಿ ಎಣ್ಣೆ ಬಿಡಬೇಡಿ, ಕಟಿಂಗ್ ಪ್ಲೇಯರ್‌ನಲ್ಲಿ ತಿರುಗಿಸಬೇಡಿ. ನಾಬ್ ಮುರಿದ ಮನೆಗಳಲ್ಲಿ ಪ್ಲೇಯರ್ ಒಲೆಯ ಪಕ್ಕದಲ್ಲೇ ಇರುವುದನ್ನು ನೋಡಿದ್ದೇನೆ, ಎದೆ ಝಲ್ ಅನ್ನುತ್ತದೆ.

ಆಟೋ ಇಗ್ನಿಷನ್ ಕಿಡಿ ಕೊಡದಿದ್ದರೆ ಬ್ಯಾಟರಿ ಬದಲಿಸಿ, ಬರ್ನರ್ ಪಕ್ಕದ ಬಿಳಿ ಪಿಂಗಾಣಿ ಕಡ್ಡಿಯನ್ನು ಒಣಬಟ್ಟೆಯಲ್ಲಿ ಒರೆಸಿ. ಒದ್ದೆಯಾದರೆ ಕಿಡಿ ಬೇರೆ ಕಡೆ ಹಾರುತ್ತದೆ. ಒಲೆ ತೊಳೆದ ಮೇಲೆ ಯಾರೂ ಮುಟ್ಟದೆ "ಟಿಕ್ ಟಿಕ್ ಟಿಕ್" ಅನ್ನುತ್ತಿದ್ದರೆ ನಾಬ್ ಕೆಳಗಿನ ಸ್ವಿಚ್‌ಗೆ ನೀರು ಹೋಗಿದೆ. ಬ್ಯಾಟರಿ ತೆಗೆದು ಒಂದು ದಿನ ಒಣಗಲು ಬಿಡಿ. ಅಲ್ಲಿಯವರೆಗೆ ಲೈಟರ್ ಇದೆಯಲ್ಲ.

ವಾಸನೆ

ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೆ ಹರಡಿ ಕಟ್ಟೆಯ ಕೆಳಗೆ ಮಡುಗಟ್ಟುತ್ತದೆ. ಗಾಳಿಯಲ್ಲಿ ಸುಮಾರು 2 ಪರ್ಸೆಂಟ್ ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದಕ್ಕೇ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಇದೆ. ಎಕ್ಸಾಸ್ಟ್ ಫ್ಯಾನ್ ಹಾಕಬೇಕು ಅನ್ನಿಸುತ್ತದೆ, ಅದನ್ನೂ ಹಾಕಬೇಡಿ. ದೇವರ ದೀಪ ಉರಿಯುತ್ತಿದ್ದರೆ ಆರಿಸಿ. ನಾಬ್‌ಗಳನ್ನೂ ರೆಗ್ಯುಲೇಟರನ್ನೂ ಮುಚ್ಚಿ, ಕಿಟಕಿ ಬಾಗಿಲು ಪೂರ್ತಿ ತೆರೆದು ಮನೆಯವರನ್ನೆಲ್ಲ ಹೊರಗೆ ಕಳಿಸಿ. ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿಕೆಗೆಂದೇ ಇರುವ ತುರ್ತು ನಂಬರ್ ಅದು.

ವಾಸನೆ ಪೂರ್ತಿ ಹೋಗಿದೆ, ಆದರೂ ಎಲ್ಲಿಂದ ಬಂತು ಅನ್ನುವ ಅನುಮಾನ ಇದೆ ಅಂದುಕೊಳ್ಳಿ. ಆಗ ಸೋಪಿನ ನೀರು. ನಾಬ್ ಎಲ್ಲ ಮುಚ್ಚಿ, ರೆಗ್ಯುಲೇಟರ್ ಆನ್ ಮಾಡಿ, ಪೈಪ್‌ನ ಎರಡೂ ತುದಿಗೆ, ರೆಗ್ಯುಲೇಟರ್ ಕೂತ ಜಾಗಕ್ಕೆ, ನಾಬ್‌ಗಳ ಹಿಂದಕ್ಕೆ ಬ್ರಷ್‌ನಲ್ಲಿ ನೊರೆ ಹಚ್ಚಿ. ಗುಳ್ಳೆ ಬೆಳೆಯುವ ಕಡೆ ಸೋರಿಕೆ. ಬೆಂಕಿಕಡ್ಡಿ ಗೀರಿ ಹುಡುಕುವ ಜನ ಈಗಲೂ ಇದ್ದಾರೆ, ಅವರ ಪಕ್ಕದಲ್ಲಿ ನಿಲ್ಲಬೇಡಿ. ಹೊಸ ಸಿಲಿಂಡರ್ ಹಾಕಿದ ದಿನವೇ ಸೋರಿದರೆ ಸಾಮಾನ್ಯವಾಗಿ ವಾಲ್ವ್ ಒಳಗಿನ ರಬ್ಬರ್ ವಾಷರ್ ತಪ್ಪು. ರೆಗ್ಯುಲೇಟರ್ ತೆಗೆದು, ದಾರ ಕಟ್ಟಿದ ಪ್ಲಾಸ್ಟಿಕ್ ಮುಚ್ಚಳವನ್ನು ಒತ್ತಿ ಕೂರಿಸಿ, ಸಿಲಿಂಡರನ್ನು ಬಯಲಿಗೆ ಇಡಿ. ಆ ಮುಚ್ಚಳವನ್ನು ಎಸೆಯದೆ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ.

ಓವನ್ ಇರುವವರಿಗೆ

ನಮ್ಮ ಕಡೆ ಓವನ್ ಇರುವ ದೊಡ್ಡ ಗ್ಯಾಸ್ ಒಲೆ ಕಮ್ಮಿ. ಮಂಗಳೂರಿಗೆ ಬಂದ ಮೇಲೆ ನಾನು ಅದನ್ನು ಹತ್ತಿರದಿಂದ ನೋಡಿದ್ದು ಪಕ್ಕದ ಮನೆಯ ಬಾಯಮ್ಮನ ಅಡುಗೆಮನೆಯಲ್ಲಿ. ಮೇಲೆ ನಾಲ್ಕು ಬರ್ನರ್, ಕೆಳಗೆ ಓವನ್. ಒಂದು ಡಿಸೆಂಬರ್‌ನಲ್ಲಿ, ಕ್ರಿಸ್ಮಸ್‌ನ ಕುಸ್ವಾರ್ ತಿಂಡಿಗಳನ್ನು ಮಾಡುವ ಗಡಿಬಿಡಿಯಲ್ಲಿ ಕರೆದರು. "ಉರಿ ಹತ್ತುತ್ತದೆ, ಕೈ ಬಿಟ್ಟರೆ ಹೋಗುತ್ತದೆ. ಮತ್ತೆ ಹಚ್ಚಿದರೆ ಮತ್ತೆ ಹೋಗುತ್ತದೆ. ಎಂಥ ಮಾಡುವುದು ಮಾರಾಯ್ರೆ?"

ಇದು ಓವನ್‌ನ ತುಂಬಾ ಸಾಮಾನ್ಯ ದೂರು. ಕಾರಣ ಅದರ ಒಳ್ಳೆಯ ಗುಣವೇ. ಓವನ್ ಒಳಗೆ ಉರಿ ಆರಿದರೆ ಹೊರಗೆ ಕಾಣುವುದಿಲ್ಲ, ಗ್ಯಾಸ್ ತುಂಬಿಕೊಳ್ಳುತ್ತದೆ. ಹಾಗಾಗಬಾರದು ಅಂತ ಬರ್ನರ್ ಪಕ್ಕದಲ್ಲಿ ತಾಮ್ರದ ತಂತಿಗೆ ಹೊಂದಿದ ಒಂದು ಮೊನೆ ಇಟ್ಟಿರುತ್ತಾರೆ, ಥರ್ಮೋಕಪಲ್ ಅಂತ ಹೆಸರು. ಉರಿಗೆ ಅದು ಕಾದಾಗ ಕೆಲವೇ ಮಿಲಿವೋಲ್ಟ್ ವಿದ್ಯುತ್ ಹುಟ್ಟುತ್ತದೆ. ಅಷ್ಟರಿಂದಲೇ ಒಳಗಿನ ವಾಲ್ವ್ ತೆರೆದು ನಿಲ್ಲುತ್ತದೆ. ಮೊನೆ ತಣ್ಣಗಾದರೆ ವಾಲ್ವ್ ತಾನೇ ಮುಚ್ಚುತ್ತದೆ. ಅದಕ್ಕೇ ಹಚ್ಚಿದ ಮೇಲೆ ನಾಬ್ ಒತ್ತಿ ಹಿಡಿದು ಹತ್ತು ಹದಿನೈದು ಸೆಕೆಂಡ್ ಕಾಯಬೇಕು. ನಮಗೆ ಅವಸರ, ಮೂರಕ್ಕೇ ಬಿಡುತ್ತೇವೆ.

ಬಾಯಮ್ಮ ಕಾಯುತ್ತಿದ್ದರು, ಆದರೂ ನಿಲ್ಲುತ್ತಿರಲಿಲ್ಲ. ರೆಗ್ಯುಲೇಟರ್ ಆಫ್ ಮಾಡಿ ಓವನ್ ತಳದ ತಗಡು ಎತ್ತಿದೆ. ಮೊನೆಯ ಮೇಲೆ ಕೇಕಿನ ಹಿಟ್ಟು ಸುರಿದು ಸುಟ್ಟು ಕರಿ ಪೊರೆ ಕಟ್ಟಿತ್ತು. ಜೊತೆಗೆ ಸ್ವಲ್ಪ ಬಾಗಿ ಉರಿಯಿಂದ ಆಚೆ ಸರಿದಿತ್ತು. ನುಣುಪಾದ ಮರಳು ಕಾಗದದಿಂದ ಮೆಲ್ಲಗೆ ಉಜ್ಜಿ, ಉರಿ ತಾಗುವ ಹಾಗೆ ಹಿಡಿಯಲ್ಲಿ ಕೂರಿಸಿದೆ. ನಿಂತಿತು. ಇಷ್ಟಕ್ಕೂ ನಿಲ್ಲದಿದ್ದರೆ ಇನ್ನೊಂದು ತುದಿಯ ನಟ್ ಸಡಿಲ ಇದೆಯಾ ಅಂತ ನೋಡಬೇಕು, ಆಮೇಲೆ ಥರ್ಮೋಕಪಲ್ಲನ್ನೇ ಬದಲಿಸಬೇಕು. ಅದನ್ನು ತಪ್ಪಿಸಿ ಉರಿ ನಿಲ್ಲಿಸುವ ಅಡ್ಡದಾರಿ ಹೇಳುವವರಿದ್ದಾರೆ. ಕಿವಿಗೆ ಹಾಕಿಕೊಳ್ಳಬೇಡಿ.

ಓವನ್ ಹಚ್ಚುವಾಗ ಬಾಗಿಲು ತೆರೆದೇ ಇರಲಿ. ಕೆಲವು ಸೆಕೆಂಡಿನಲ್ಲಿ ಹತ್ತದಿದ್ದರೆ ನಾಬ್ ಮುಚ್ಚಿ, ಐದು ನಿಮಿಷ ಬಾಗಿಲು ಹಾಗೇ ಬಿಟ್ಟು ಮತ್ತೆ ಹಚ್ಚಿ. ತುಂಬಿದ ಗ್ಯಾಸ್‌ಗೆ ಕಡ್ಡಿ ಗೀರಿದರೆ "ಭಗ್" ಅಂತ ಮುಖಕ್ಕೇ ಬರುತ್ತದೆ. ಹುಬ್ಬು ಸುಟ್ಟುಕೊಂಡವರು ಒಬ್ಬಿಬ್ಬರಲ್ಲ.

ಕೇಕಿನ ತಳ ಕಪ್ಪಾಗಿ ಮೇಲೆ ಬೆಳ್ಳಗೇ ಉಳಿಯುತ್ತದೆ ಅನ್ನುವುದು ಇನ್ನೊಂದು ದೂರು. ಉರಿ ಕೆಳಗಿದೆ, ಬಿಸಿಗಾಳಿ ಪಕ್ಕದಿಂದ ಮೇಲಕ್ಕೆ ಸುತ್ತಬೇಕು. ಕಂಬಿಯ ಅಗಲಕ್ಕೂ ಬರುವ ಟ್ರೇ ಇಟ್ಟರೆ ಅದು ಎಲ್ಲಿಂದ ಹೋಗಬೇಕು? ಸುತ್ತ ಎರಡು ಬೆರಳು ಜಾಗ ಬಿಡಿ, ಕಂಬಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ಹಾಕಿ. ನಾಬ್ ಮೇಲಿನ ಡಿಗ್ರಿಯನ್ನು ಪೂರ್ತಿ ನಂಬಬೇಡಿ. ಓವನ್ ಒಳಗಿಡುವ ಥರ್ಮಾಮೀಟರ್ ಸಿಗುತ್ತದೆ, ಇಪ್ಪತ್ತು ನಿಮಿಷ ಕಾಯಿಸಿ ಓದಿ, ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ ಹರಿದಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಅಳೆಯಿರಿ.

ಬಾಯಮ್ಮನ ಮನೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹಿಟ್ಟು ಚೆಲ್ಲಿದರೆ ತೊಳೆಯುವ ಕೆಲಸ ತಪ್ಪಲಿ ಅಂತ ಓವನ್ ತಳಕ್ಕೆ ಪೂರ್ತಿ ಅಲ್ಯುಮಿನಿಯಂ ಫಾಯಿಲ್ ಹಾಸಿದ್ದರು. ತಳದ ಅಂಚಿನಲ್ಲಿ ಸಾಲಾಗಿದ್ದ ಗಾಳಿಯ ಕಿಂಡಿಗಳೆಲ್ಲ ಅದರ ಕೆಳಗೆ ಮುಚ್ಚಿಹೋಗಿದ್ದವು. ಫಾಯಿಲ್ ಕಿತ್ತು ಕೈಗೆ ಕೊಟ್ಟೆ. "ಮೂರು ವರ್ಷದಿಂದ ಹಾಕ್ತಿದ್ದೇನಲ್ಲ!" ಅಂದರು. ಮೂರು ವರ್ಷದಿಂದ ಕೇಕಿನ ತಳ ಯಾಕೆ ಕರಟುತ್ತಿತ್ತು ಅಂತ ನಾನು ಕೇಳಲಿಲ್ಲ. ಆ ಸಂಜೆ ಕುಸ್ವಾರಿನ ತಟ್ಟೆ ನಮ್ಮ ಮನೆಗೆ ಬಂತು.